ಭಾವನ ಅಂಗಡಿಯ ಮುಚ್ಚಳಗಳು

ನಮ್ಮ ಭಾವ ಕೂತು ಕಾಫಿ ಕುಡಿದದ್ದನ್ನು ನಾನಂತೂ ನೋಡಿಲ್ಲ. ಅಕ್ಕ ಒಮ್ಮೆ ನೋಡಿದ್ದಾಳಂತೆ, ಅವರ ಕಾಲಿಗೆ ಪ್ಲಾಸ್ಟರ್ ಹಾಕಿದ್ದಾಗ. ಮಿಕ್ಕಂತೆ ಈ ಮನುಷ್ಯನಿಗೆ ಎಲ್ಲವೂ ನಿಂತ ಕಾಲಲ್ಲೇ ಆಗಬೇಕು. ಲಿಫ್ಟಿನ ಗುಂಡಿ ಒಂದು ಸಲ ಒತ್ತಿದರೆ ಸಾಲದು, ಲಿಫ್ಟ್ ಬರುವವರೆಗೂ ಒತ್ತುತ್ತಲೇ ಇರಬೇಕು. ಸಿಗ್ನಲ್ಲಿನಲ್ಲಿ ಸ್ಕೂಟರ್ ನಿಲ್ಲಿಸಿದರೆ ಎರಡೂ ಕಾಲು ನೆಲಕ್ಕೂರಿ ಇಂಚಿಂಚೇ ಮುಂದಕ್ಕೆ ತಳ್ಳುತ್ತಿರುತ್ತಾರೆ, ಕೆಂಪು ದೀಪಕ್ಕೆ ನಾಚಿಕೆಯಾಗಿ ಹಸಿರಾಗಲಿ ಅನ್ನುವ ಹಾಗೆ. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವರು ಅಂತ ಅಕ್ಕ ಅನ್ನುತ್ತಾಳೆ. ಚಕ್ರವಾದರೂ ಸಂಜೆಗೆ ಒಂದು ಕಡೆ ನಿಲ್ಲುತ್ತದೆ ಅಂತ ನಾನು ಅನ್ನುತ್ತೇನೆ.

ನಾನು ಬಟ್ಟೆ ಹೊಲಿಯುವವಳು. ಭಾವ ಕಂಪ್ಯೂಟರ್ ಜೋಡಿಸುವವರು, ಅದರಲ್ಲೂ ಗೇಮ್ ಆಡುವವರ ಕಂಪ್ಯೂಟರ್. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ, ಉದ್ದನೆಯ ಒಂದೇ ಕೋಣೆ. ನಡುವೆ ಪ್ಲೈವುಡ್ ಹಲಗೆ ನಿಲ್ಲಿಸಿ ಎರಡು ಮಾಡಿಕೊಂಡಿದ್ದೇವೆ. ಕಿಟಕಿ ಅವರ ಕಡೆಗಿದೆ, ಬಾಗಿಲು ನನ್ನ ಕಡೆಗಿದೆ. ಹಾಗಾಗಿ ಅವರ ಗಿರಾಕಿಗಳೆಲ್ಲ ನಾನು ಕತ್ತರಿಸಿ ಹಾಕಿದ ಬಟ್ಟೆ ತುಳಿದುಕೊಂಡೇ ಒಳಗೆ ಹೋಗಬೇಕು, ನನಗೆ ಗಾಳಿ ಬೇಕಾದರೆ ಭಾವನ ದಯೆ ಬೇಕು. ಹಲಗೆ ಮೇಲಿನವರೆಗೆ ಹೋಗಿಲ್ಲ. ಆಚೆ ಆಡಿದ ಮಾತೆಲ್ಲ ಈಚೆ ಕೇಳಿಸುತ್ತದೆ. ಕೇಳಿಸಿಕೊಳ್ಳಬಾರದು ಅಂದರೂ ಕಿವಿಗೆ ಮುಚ್ಚಳ ಇಲ್ಲವಲ್ಲ.

ಮುಚ್ಚಳ ಅಂದೆ ನೋಡಿ, ಆ ವಿಷಯ ಹೇಳಲೇಬೇಕು. ಕಂಪ್ಯೂಟರಿನ ಪೆಟ್ಟಿಗೆಗೆ ಪಕ್ಕದಲ್ಲಿ ಒಂದು ಮುಚ್ಚಳ ಇರುತ್ತದೆ, ತಗಡಿನದ್ದೋ ಗಾಜಿನದ್ದೋ. ಭಾವನ ಅಂಗಡಿಗೆ ಪೆಟ್ಟಿಗೆ ಬಂದ ಕೂಡಲೇ ಕಳಚುವುದು ಅದನ್ನೇ. ಕಳಚಿ ನಮ್ಮ ಹಲಗೆಗೆ ಒರಗಿಸಿಬಿಡುತ್ತಾರೆ. ನಾನು ಬಾಗಿಲು ಸ್ವಲ್ಪ ಜೋರಾಗಿ ಹಾಕಿಕೊಂಡರೆ ಸಾಕು, ಒರಗಿಸಿಟ್ಟ ಸಾಲು ಸಾಲೇ ದಡದಡ ಅಂತ ಜಾರಿ ಬೀಳುತ್ತದೆ, ನಾನು ಹೊಲಿಯುತ್ತಿದ್ದ ಗೆರೆ ಸೊಟ್ಟಗಾಗುತ್ತದೆ. ಮುಚ್ಚಳ ಹಾಕಿಯೇ ಇಡಿ ಭಾವ ಅಂದರೆ, ಡಾಕ್ಟರು ಹೊಟ್ಟೆಗೆ ಹೊಲಿಗೆ ಹಾಕಿಕೊಂಡು ಆಪರೇಷನ್ ಮಾಡ್ತಾರಾ ಅಂತ ಕೇಳುತ್ತಾರೆ. ಇಂಥವರ ಜೊತೆ ಏನು ವಾದ ಮಾಡುವುದು. ಗಿರಾಕಿ ತಗೊಂಡು ಹೋಗಲು ಬಂದಾಗ ಮಾತ್ರ ಮುಚ್ಚಳ ಹುಡುಕಿ, ತಿರುಪು ಬಿಗಿದು, ಒರೆಸಿ ಕೊಡುತ್ತಿದ್ದರು.

ಅವರು ಮೊದಲು ಫ್ಯಾನ್ ರಿಪೇರಿ ಮಾಡುತ್ತಿದ್ದವರು. ಮದುವೆಗೆ ಮುಂಚೆ ನಮ್ಮ ಮನೆಗೆ ಬಂದಿದ್ದಾಗ, ದೊಡ್ಡವರು ಮಾತಾಡುತ್ತಿರುವಾಗಲೇ ಸ್ಟೂಲು ಎಳೆದುಕೊಂಡು ಹತ್ತಿ ಹಜಾರದ ಫ್ಯಾನ್ ಬಿಚ್ಚಿದ್ದರು. ನಿಧಾನವಾಗಿ ತಿರುಗುತ್ತಿತ್ತಂತೆ, ನೋಡಲಾಗಲಿಲ್ಲವಂತೆ. ನಮ್ಮಪ್ಪ, ಹುಡುಗ ಕೆಲಸಗಾರ ಅಂದರು. ನಮ್ಮಮ್ಮ, ಹುಡುಗನಿಗೆ ಕೂರೋಕೆ ಬರಲ್ಲ ಅಂದಳು. ಇಬ್ಬರು ಹೇಳಿದ್ದೂ ನಿಜವಾಯಿತು. ಆಮೇಲೆ ಟಿವಿ, ಆಮೇಲೆ ಕಂಪ್ಯೂಟರ್. ಯಾವುದನ್ನು ಮುಟ್ಟಿದರೂ ರಿಪೇರಿ ಮಾಡಿ ಸುಮ್ಮನಾಗುವ ಜಾತಿಯಲ್ಲ, ಮೊದಲಿಗಿಂತ ಜೋರಾಗಿ ಓಡಿಸಬೇಕು. ನಾನೊಮ್ಮೆ ದಾರ ತರಲು ಕೆಳಗೆ ಹೋಗಿ ಬರುವಷ್ಟರಲ್ಲಿ ನನ್ನ ಹೊಲಿಗೆ ಯಂತ್ರದ ಮೋಟರಿಗೆ ದೊಡ್ಡ ಚಕ್ರ ಕೂರಿಸಿಬಿಟ್ಟಿದ್ದರು. ಕಾಲಿಟ್ಟ ಕೂಡಲೇ ಯಂತ್ರ ಕಂಡಾಪಟ್ಟೆ ಓಡಿತು, ದಾರ ಪಟ್ಟನೆ ಹರಿಯಿತು, ಸೂಜಿ ಮುರಿದು ನನ್ನ ಕನ್ನಡಕಕ್ಕೆ ತಾಗಿತು. ಕನ್ನಡಕ ಇಲ್ಲದಿದ್ದರೆ ಈ ಕಥೆಯನ್ನು ಒಂಟಿಕಣ್ಣಿನಲ್ಲಿ ಹೇಳಬೇಕಾಗಿತ್ತು. ಹಳೆಯ ಚಕ್ರ ಹಾಕಿಕೊಡಿ ಅಂತ ನಾನು ಕೂಗಾಡಿದ್ದಕ್ಕೆ, ಮುಂದೆ ಬರೋ ಆಸೆ ಇಲ್ಲ ನಿಮಗೆ ಅಂತ ಮುಖ ಊದಿಸಿಕೊಂಡರು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ.

ಈ ಗುಣಕ್ಕೆ ಸರಿಯಾಗಿ ಸಿಕ್ಕಿದ್ದು ಮೆಮೊರಿ. ಬಾಚಣಿಗೆಯಷ್ಟು ಉದ್ದದ ಎರಡು ಪಟ್ಟಿಗಳು, ರ್‍ಯಾಮ್ ಅಂತಾರಲ್ಲ ಅದು. ಇಷ್ಟು ವೇಗದಲ್ಲಿ ಓಡುತ್ತದೆ ಅಂತ ಅದರ ಮೇಲೆ ಅಚ್ಚು ಹಾಕಿರುತ್ತಾರೆ. ಆದರೆ ತಂದು ಸಿಕ್ಕಿಸಿದ ಮಾತ್ರಕ್ಕೆ ಆ ವೇಗ ಬರುವುದಿಲ್ಲ. ಎಲ್ಲ ಯಂತ್ರಕ್ಕೂ ಹೊಂದಿಕೊಳ್ಳಲಿ ಅಂತ ಮೊದಲಿಗೆ ತಗ್ಗಿದ, ಸಾದಾ ವೇಗದಲ್ಲೇ ಓಡುತ್ತದೆ. ಕಂಪ್ಯೂಟರ್ ಶುರುವಾಗುವಾಗ ಒಂದು ಕೀ ಒತ್ತಿ, ಸೆಟಪ್ ಒಳಗೆ ಹೋಗಿ, ಅಚ್ಚಿನಲ್ಲಿರುವ ವೇಗವನ್ನು ನಾವೇ ಆನ್ ಮಾಡಬೇಕು. ಬಹಳ ಜನಕ್ಕೆ ಇದು ಗೊತ್ತೇ ಇರುವುದಿಲ್ಲ. ಹೊಸ ಸೈಕಲ್ ತಗೊಂಡು ಹತ್ತದೆ ತಳ್ಕೊಂಡೇ ಓಡಾಡ್ತಾರೆ ಅಂತ ಭಾವ ನಗುತ್ತಿದ್ದರು. ಗೇಮು ತಡವರಿಸುತ್ತದೆ, ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡನ್ನೇ ಹೊಸದು ಹಾಕಿಸಬೇಕೇನೋ ಅಂತ ಅಳುಮುಖ ಮಾಡಿಕೊಂಡು ಬಂದವರಿಗೆ, ನಿಂತ ನಿಲುವಿನಲ್ಲೇ ಆ ಒಂದು ಸೆಟ್ಟಿಂಗ್ ಬದಲಿಸಿ ಕಳಿಸುತ್ತಿದ್ದರು. ಅವರೆಲ್ಲ ಊರ ತುಂಬ ಭಾವನ ಹೆಸರು ಹೇಳಿದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಅವರು ನಮ್ಮ ಭಾವ ಹೇಗಾಗುತ್ತಾರೆ. ಅಚ್ಚಿನ ವೇಗ ದಾಟಿ ಇನ್ನೂ ಸ್ವಲ್ಪ, ಅದು ತಡೆದರೆ ಮತ್ತೂ ಸ್ವಲ್ಪ. ತಡೆಯದಿದ್ದರೆ ಅದಕ್ಕೆ ಕೊಡುವ ವೋಲ್ಟೇಜನ್ನು ಚೂರು ಏರಿಸುವುದು. ಗೇಮಿನ ಮೂಲೆಯಲ್ಲಿ ಒಂದು ಸಂಖ್ಯೆ ಕಾಣುತ್ತಿರುತ್ತದೆ, ಸೆಕೆಂಡಿಗೆ ಎಷ್ಟು ಚಿತ್ರ ಮೂಡುತ್ತಿದೆ ಅಂತ. ಜನ ಗೇಮ್ ನೋಡಿದರೆ ಭಾವ ಆ ಮೂಲೆ ನೋಡುತ್ತಿದ್ದರು. ಅಲ್ಲಿ ನಾಲ್ಕೈದು ಹೆಚ್ಚಾದರೆ ಹಲಗೆಯ ಆಚೆಯಿಂದ ಸಿಳ್ಳೆ ಕೇಳಿಸುತ್ತಿತ್ತು.

ಅಕ್ಕ ಭಾವನಿಗೆ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿದ್ದಳು ಅಂತ ಎಲ್ಲರೂ ಸಾಸಿವೆ ಅನ್ನುತ್ತೇವೆ. ಈಗ ಡಿಗ್ರಿ ಮುಗಿಸಿ ನನಗಿಂತ ಎತ್ತರ ಬೆಳೆದಿದ್ದಾಳೆ, ಹೆಸರು ಮಾತ್ರ ಹಾಗೇ ಉಳಿದಿದೆ. ಅಪ್ಪನ ಚಡಪಡಿಕೆ ಅವಳಿಗೆ ಚೂರೂ ಬಂದಿಲ್ಲ. ಕಂಪ್ಯೂಟರ್ ಮುಂದೆ ಕೂತರೆ ಕಲ್ಲು ಕೂತ ಹಾಗೆ, ಅಲ್ಲಾಡುವುದು ಬೆರಳು ಮಾತ್ರ. ಐದು ಜನ ಸೇರಿ ಐದು ಜನರ ವಿರುದ್ಧ ಆಡುವ ಒಂದು ಗೇಮಿನಲ್ಲಿ ಅವಳು ಒಂದು ಟೀಮಿಗೆ ಸೇರಿದ್ದಳು. ಎಲ್ಲರೂ ಅವರವರ ಮನೆಯಿಂದಲೇ ಆಡುವುದು. ಟೀಮಿನ ಕ್ಯಾಪ್ಟನ್ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸ ಮಾಡುವ ಹುಡುಗಿ, ಮಾತು ಕಮ್ಮಿ, ಖಾರ ಜಾಸ್ತಿ. ಅಕ್ಕನಿಗೆ ಈ ಆಟದ ಮೇಲೆ ನಂಬಿಕೆ ಇರಲಿಲ್ಲ. ಕೊನೆಗೆ ತಾಯಿ ಮಗಳ ನಡುವೆ ಒಂದು ಒಪ್ಪಂದವಾಯಿತು. ಒಂದು ವರ್ಷ ಆಡು, ಟೀಮು ನಿನ್ನನ್ನು ಇಟ್ಟುಕೊಂಡರೆ ನಾನು ಬಾಯಿ ಬಿಡುವುದಿಲ್ಲ, ಕೈಬಿಟ್ಟರೆ ನಾನು ಹೇಳಿದ ಆಫೀಸಿನ ಕೆಲಸಕ್ಕೆ ತಕರಾರಿಲ್ಲದೆ ಸೇರಬೇಕು. ಸಾಸಿವೆ ಒಪ್ಪಿಕೊಂಡಳು. ಅವಳಿಗೆ ಆ ಟೀಮೇ ಪ್ರಾಣವಾಗಿತ್ತು.

ಮಗಳ ಯಂತ್ರವನ್ನು ಭಾವ ತಮ್ಮ ಕೈಯಾರೆ ಜೋಡಿಸಿದರು. ಒಂದೊಂದು ತಂತಿಯನ್ನೂ ಜಡೆ ಹೆಣೆದಂತೆ ಕಟ್ಟಿದ್ದರು. ಮೆಮೊರಿಯ ಮೇಲೆ ಆರು ಸಾವಿರ ಅಂತ ಅಚ್ಚಾಗಿತ್ತು, ಇವರು ಆರು ಸಾವಿರದ ಆರುನೂರಕ್ಕೆ ಏರಿಸಿದ್ದರು. ಬಂದ ಗಿರಾಕಿಗಳಿಗೆಲ್ಲ ಅದೇ ಸುದ್ದಿ. ನಮ್ಮ ಹುಡುಗಿ ಮಷೀನು ಆರೂ ಆರರಲ್ಲಿ ಓಡ್ತಿದೆ ಅಂತ ಹೇಳುವಾಗ ಅವರ ಸ್ವರ ಬೇರೆಯೇ ಆಗುತ್ತಿತ್ತು. ಮಗಳು ಮೊದಲ ರ್‍ಯಾಂಕ್ ಬಂದಿದ್ದರೂ ಅಷ್ಟು ಹೇಳುತ್ತಿದ್ದರೋ ಇಲ್ಲವೋ.

ಮೊದಲ ದೊಡ್ಡ ಪಂದ್ಯದ ನಡುವೆಯೇ ಯಂತ್ರ ಕೈಕೊಟ್ಟಿತು. ಪರದೆ ನೀಲಿಯಾಗಿ, ಏನೋ ನಾಲ್ಕು ಸಾಲು ಬರೆದು, ತಾನೇ ಆರಿ ತಾನೇ ಹೊತ್ತಿಕೊಂಡಿತು. ಸಾಸಿವೆ ಮತ್ತೆ ಒಳಗೆ ಹೋಗುವಷ್ಟರಲ್ಲಿ ನಾಲ್ವರೇ ಐವರ ಎದುರು ಆಡಿ ಸೋತಿದ್ದರು. ಕರೆಂಟಿನ ತೊಂದರೆ ಅಂದರು ಭಾವ, ಬೇರೆ ಪ್ಲಗ್ ಹಾಕಿಸಿದರು. ಅಭ್ಯಾಸದಲ್ಲಿ ಮತ್ತೆ ನೀಲಿ ಪರದೆ, ಯಂತ್ರ ಬಿತ್ತು. ವಿಂಡೋಸ್ ಹಾಳಾಗಿದೆ ಅಂತ ಅಳಿಸಿ ಹೊಸದಾಗಿ ಹಾಕಿದರು. ಮತ್ತೆ ಬಿತ್ತು. ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ಒರೆಸಿ ಹಾಕಿದರು, ಗೇಮ್ ಮಾಡಿದವರನ್ನೇ ಬೈದರು. ಪ್ರತಿ ಸಲವೂ ಯಂತ್ರವನ್ನು ಸ್ಕೂಟರಿನಲ್ಲಿ ಎರಡು ಕಾಲಿನ ನಡುವೆ ಇಟ್ಟುಕೊಂಡು ಅಂಗಡಿಗೆ ತರುವುದು, ಮುಚ್ಚಳ ಕಳಚಿ ಹಲಗೆಗೆ ಒರಗಿಸುವುದು, ಮೆಮೊರಿಯ ಪರೀಕ್ಷೆ ಹಚ್ಚುವುದು. ಬೆಳಗಿನಿಂದ ಸಂಜೆಯವರೆಗೆ ಒಂದೇ ಒಂದು ತಪ್ಪಿಲ್ಲ. ನೋಡಿ, ಚಿನ್ನ ಚಿನ್ನ, ಅಂತ ನನ್ನನ್ನು ಕರೆದು ತೋರಿಸುತ್ತಿದ್ದರು. ಮನೆಗೆ ಒಯ್ದರೆ ಅದೇ ಚಿನ್ನ ಮತ್ತೆ ತಗಡಾಗುತ್ತಿತ್ತು.

ಆ ದಿನಗಳಲ್ಲಿ ನಮ್ಮ ಕೋಣೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಭಾವ ಅತ್ತಿಂದಿತ್ತ ಓಡಾಡಿ ನೆಲ ಸವೆಸುತ್ತಿದ್ದರು. ಒಂದು ಗಿರಾಕಿಯ ಯಂತ್ರ ಅರ್ಧ ಬಿಚ್ಚಿ ಇನ್ನೊಂದಕ್ಕೆ ಕೈಹಾಕುತ್ತಿದ್ದರು, ಫೋನ್ ಎತ್ತಿಕೊಂಡು ಯಾರಿಗೆ ಮಾಡಬೇಕೆಂದು ಮರೆಯುತ್ತಿದ್ದರು. ನನ್ನ ಕತ್ತರಿಯಿಂದ ತಂತಿ ಕತ್ತರಿಸಿದರು ಅಂದರೆ ಅವರ ತಲೆ ಎಷ್ಟು ಕೆಟ್ಟಿತ್ತು ಅಂತ ತಿಳಿದುಕೊಳ್ಳಿ. ಅತ್ತ ಕ್ಯಾಪ್ಟನ್ ಸಾಸಿವೆಗೆ ನೇರವಾಗಿ ಹೇಳಿಬಿಟ್ಟಳು. ಆಟ ಚೆನ್ನಾಗಿದೆ, ಆದರೆ ಪಂದ್ಯದ ನಡುವೆ ಇನ್ನೊಂದು ಸಲ ಮಾಯವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ. ಬದಲಿಗೆ ಇನ್ನೊಬ್ಬಳು ತಯಾರಾಗಿದ್ದಳು ಬೇರೆ.

ಮಾರನೆಯ ದಿನ ಸಾಸಿವೆ ಅಂಗಡಿಗೆ ಬಂದಳು. ನನ್ನ ಕಡೆ ನೋಡದೆ ನೇರ ಒಳಗೆ ಹೋದಳು. ನಾನು ಹೊಲಿಗೆ ಯಂತ್ರ ನಿಲ್ಲಿಸಿದೆ.

"ಅಪ್ಪ, ಮೆಮೊರಿ ಸ್ಪೀಡ್ ಇಳಿಸು. ಅಚ್ಚಲ್ಲಿ ಬರೆದಿರೋಷ್ಟಕ್ಕಾದ್ರೂ ಇಳಿಸು."

"ಮೆಮೊರಿದಲ್ಲ ಅದು. ಟೆಸ್ಟ್ ಪಾಸಾಗಿದೆ, ನೀನೇ ನೋಡಿದ್ದೀಯ."

"ಇಲ್ಲಿ ಪಾಸಾಗುತ್ತೆ. ಮನೇಲಿ ಬೀಳುತ್ತೆ."

"ಇಳಿಸೋದು ಯಾರಿಗೆ ಬರಲ್ಲ ಹೇಳು? ದಾರೀಲಿ ಹೋಗೋರೂ ಇಳಿಸ್ತಾರೆ. ನನ್ನ ಮಗಳ ಮಷೀನು ಊರೋರ ಮಷೀನಿಗಿಂತ ನಿಧಾನ ಓಡಬೇಕಾ?"

ಸಾಸಿವೆ ತಿರುಗಿ ಹೊರಟಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವವರ ಹತ್ತಿರ ನಾಲ್ಕನೆಯ ಕಾಲು ತೋರಿಸಿ ಏನು ಪ್ರಯೋಜನ. ಹೊರಗೆ ಹೋಗುವಾಗ ಅವಳ ಕಣ್ಣು ತುಂಬಿತ್ತು. ನನಗೆ ಎಷ್ಟು ಸಿಟ್ಟು ಬಂತೆಂದರೆ ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕಿದೆ, ಮುಚ್ಚಳಗಳೆಲ್ಲ ಬಿದ್ದವು.

ಅದೇ ಸಂಜೆ ಭಾವ ಮನೆಗೆ ಹೋಗಿ ಯಂತ್ರಕ್ಕೆ ಕರೆಂಟು ಕೊಡುವ ಪವರ್ ಸಪ್ಲೈ ಬದಲಿಸಿದರು, ಹೊಸದು, ದೊಡ್ಡದು. ಆಶ್ಚರ್ಯ ಅಂದರೆ ಅಲ್ಲಿಂದ ಯಂತ್ರ ಬೀಳುವುದು ನಿಂತೇ ಹೋಯಿತು. ವಾರ ಕಳೆಯಿತು, ಎರಡನೆಯದೂ ಕಳೆಯಿತು. ಸಣ್ಣ ಪಂದ್ಯಗಳೆಲ್ಲ ಸಲೀಸಾಗಿ ನಡೆದವು. ಭಾವ ಮಗಳ ಕೋಣೆಗೆ ಇಣುಕಿ ಗೇಮಿನ ಮೂಲೆಯ ಸಂಖ್ಯೆ ನೋಡಿ ಬರುತ್ತಿದ್ದರು, ಅದೂ ಮೊದಲಿನಷ್ಟೇ ಇತ್ತು. ಹಿಡಿಯೋರೇ ಇಲ್ಲ ಅವರನ್ನು. ಪವರ್ ಸಪ್ಲೈದು ನೋಡಿ ದೋಷ, ನಾನು ಹೇಳಲಿಲ್ವಾ ಅಂತ ನನ್ನ ಪ್ರಾಣ ತಿಂದರು. ಅವರು ಹಾಗೆ ಹೇಳಿರಲೇ ಇಲ್ಲ, ಹೇಳಿದ್ದರೆ ಹಲಗೆಯ ಈಚೆ ನನಗೆ ಕೇಳಿಸುತ್ತಿತ್ತು.

ಆ ಉತ್ಸಾಹದಲ್ಲಿ ಫೋಟೋ ಸ್ಟುಡಿಯೋದವನ ಯಂತ್ರಕ್ಕೂ ಅದೇ ಆರೂ ಆರು ಇಟ್ಟು ಕಳಿಸಿದರು. ಅವನು ಹಗಲು ವಿಡಿಯೋ ಎಡಿಟ್ ಮಾಡುತ್ತಾನೆ, ಬಿಡುವಾದಾಗ ಗೇಮ್ ಆಡುತ್ತಾನೆ, ಸಾಧು ಮನುಷ್ಯ. ಕೆಲವೇ ದಿನದಲ್ಲಿ ಯಂತ್ರ ಹೊತ್ತುಕೊಂಡು ವಾಪಸ್ ಬಂದ. ವಿಡಿಯೋ ಮುಗಿಯುವ ಹೊತ್ತಿಗೆ ನೀಲಿ ಪರದೆ ಬರುತ್ತದೆ ಅಂದ. ಭಾವ ಮುಚ್ಚಳ ಕಳಚಿ ಪರೀಕ್ಷೆ ಹಚ್ಚಿದರು, ತಪ್ಪಿಲ್ಲ. ಅವನು ಕೊಂಡೊಯ್ದ, ಮತ್ತೆ ಬಿತ್ತು, ಮತ್ತೆ ಬಂದ. ಸಾಧು ಮನುಷ್ಯನೂ ಈ ಸಲ ದನಿ ಏರಿಸಿದ. ಈ ಸ್ಪೀಡೇ ಸರಿಯಿಲ್ಲ ಅಣ್ಣ ಅಂದ. ಭಾವನಿಗೆ ಮೈಯೆಲ್ಲ ಉರಿಯಿತು. ನನ್ನ ಮಗಳ ಮಷೀನು ಇದೇ ಸ್ಪೀಡಲ್ಲಿ ಹಗಲೂ ರಾತ್ರಿ ಓಡ್ತಿದೆ, ಬಾ ಕಣ್ಣಾರೆ ನೋಡು ಅಂತ ಅವನ ಕೈಹಿಡಿದೇ ಎಳೆದುಕೊಂಡು ಹೊರಟರು. ಅಕ್ಕನ ಅಂಗಿಯ ಅಂಚು ಹೊಲಿದದ್ದು ಕೊಡುವುದಿತ್ತು ಅಂತ ನಾನೂ ಹಿಂದೆಯೇ ಹೋದೆ. ಅಂಗಿ ನಾಳೆ ಕೊಟ್ಟರೂ ಆಗುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಅವತ್ತು ಮಧ್ಯಾಹ್ನ ದೊಡ್ಡ ಪಂದ್ಯ. ಇದು ಮುಗಿದ ಮೇಲೆ ಟೀಮಿನಲ್ಲಿ ಯಾರು ಉಳಿಯುತ್ತಾರೆ ಅನ್ನುವುದು ಗೊತ್ತಾಗುವುದಿತ್ತು. ಸಾಸಿವೆ ಆಗಲೇ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೈ ಪಳಗಿಸುತ್ತಿದ್ದಳು. ಕೋಣೆ ಚಿಕ್ಕದು. ಯಂತ್ರ ಬಟ್ಟೆಯ ಬೀರುವಿಗೂ ಗೋಡೆಗೂ ನಡುವಿನ ಸಂದಿಯಲ್ಲಿ ಕೂತಿತ್ತು. ಭಾವ ನುಗ್ಗಿ, ಸ್ವಲ್ಪ ಏಳು ಅಂದರು. ಅವಳು ಸ್ಟುಡಿಯೋದವನನ್ನೂ ನನ್ನನ್ನೂ ನೋಡಿ, ಅಪ್ಪ ಆಮೇಲೆ ಅಂದಳು. ಭಾವ ಕೇಳಿಸಿಕೊಳ್ಳುವವರೇ? ನಿಂತುಕೊಂಡೇ ಮೌಸ್ ಹಿಡಿದು, ಪರದೆಯಲ್ಲಿ ಯಂತ್ರದ ವಿವರ ತೋರಿಸುವ ಕಿಟಕಿ ತೆರೆದು, ಮೆಮೊರಿ ಅನ್ನುವ ಕಡೆ ಒತ್ತಿ, ನೋಡದೆಯೇ ಬೆರಳು ತೋರಿಸಿ, ಓದು ಅಂದರು.

ಸ್ಟುಡಿಯೋದವನು ಬಗ್ಗಿ ಓದಿದ. ನಾಲ್ಕು ಸಾವಿರದ ಎಂಟುನೂರು ಅಂದ. ಆಮೇಲೆ ಮೆತ್ತಗೆ, ಇದು ಸಾದಾ ಸ್ಪೀಡ್ ಅಲ್ವಾ ಅಣ್ಣ ಅಂದ.

ಭಾವ ತಿರುಗಿ ನೋಡಿದರು. ಕಿಟಕಿ ಮುಚ್ಚಿ ಮತ್ತೆ ತೆರೆದರು. ಅಚ್ಚಿನ ವೇಗಕ್ಕಿಂತಲೂ ಕೆಳಗೆ, ಪೆಟ್ಟಿಗೆಯಿಂದ ತೆಗೆದು ಸಿಕ್ಕಿಸಿದರೆ ಎಷ್ಟಿರುತ್ತದೋ ಅಷ್ಟೇ. ದಾರಿಯಲ್ಲಿ ಹೋಗುವವರ ವೇಗ.

"ನಾನೇ ಇಳಿಸಿದ್ದು ಅಪ್ಪ," ಅಂದಳು ಸಾಸಿವೆ. "ಅಂಗಡಿಗೆ ಬಂದಿದ್ನಲ್ಲ, ಅವತ್ತೇ."

ಚಿಕ್ಕಂದಿನಿಂದ ಅಪ್ಪನ ಪಕ್ಕ ನಿಂತು ನೋಡಿದ ಕೆಲಸ, ಅವಳಿಗೆ ಅದೇನು ಮಹಾ. ಪವರ್ ಸಪ್ಲೈ ಬದಲಿಸಿ ಅಪ್ಪ ಊಟಕ್ಕೆ ಹೋದ ಮೇಲೆ ಸೆಟಪ್ಪಿಗೆ ಹೋಗಿ ಇಳಿಸಿದ್ದಳು. ವೇಗ ಇಳಿದರೆ ಮೂಲೆಯ ಸಂಖ್ಯೆಯೂ ಇಳಿಯುತ್ತದಲ್ಲ, ಅದಕ್ಕೂ ಉಪಾಯ ಮಾಡಿದ್ದಳು. ಗೇಮಿನಲ್ಲಿ ನೆರಳು, ದೂರದ ಗುಡ್ಡ, ಮರಗಿಡದ ಅಂದಚಂದ ಎಲ್ಲವನ್ನೂ ಕಮ್ಮಿ ಮಾಡಿ, ಸಂಖ್ಯೆಯನ್ನು ಹಳೆಯದಕ್ಕೇ ತಂದು ನಿಲ್ಲಿಸಿದ್ದಳು. ಅಪ್ಪ ಮೂಲೆ ಬಿಟ್ಟು ಬೇರೆ ಏನನ್ನೂ ನೋಡುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

"ನಂಗೆ ಒಂದು ಮಾತು ಹೇಳಬಹುದಿತ್ತಲ್ಲ," ಅಂದರು ಭಾವ.

"ಹೇಳಿದ್ದೆ ಅಪ್ಪ."

ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಹೊರಡಲೂ ಆಗಲಿಲ್ಲ. ಅಂಗಿಯನ್ನು ಕೈಯಲ್ಲಿ ಮಡಚುತ್ತಾ ಬಿಚ್ಚುತ್ತಾ ನಿಂತೆ. ಗಿರಾಕಿಯ ಎದುರು ಮರ್ಯಾದೆ ಹೋಗಿದ್ದು ಒಂದು ಕಡೆ, ಮಗಳು ತಮಗೆ ಹೆದರಿ ಬಚ್ಚಿಟ್ಟಳಲ್ಲ ಅನ್ನುವುದು ಇನ್ನೊಂದು ಕಡೆ. ಭಾವನ ಮುಖ ನೋಡಿದರೆ ಅಯ್ಯೋ ಅನ್ನಿಸುತ್ತಿತ್ತು. ಸ್ಟುಡಿಯೋದವನೇ ಪಾಪ, ಮಾತು ತಿರುಗಿಸಲು ಹೇಳಿದ. ನಂದೂ ಹಾಗೇ ಅಣ್ಣ, ನಿಮ್ಮ ಅಂಗಡೀಲಿ ಬಂಗಾರದ ಹಾಗೆ ಓಡುತ್ತೆ, ಮನೇಲಿ ಮುಚ್ಚಿ ಇಟ್ಟ ಕೂಡಲೇ ಶುರು.

ಭಾವ ಅವನನ್ನೇ ನೋಡಿದರು. ಆಮೇಲೆ ಬಗ್ಗಿ ಬೀರುವಿನ ಸಂದಿಗೆ ಕೈಹಾಕಿ, ಮಗಳ ಯಂತ್ರದ ಗಾಜಿನ ಮುಚ್ಚಳದ ಮೇಲೆ ಅಂಗೈ ಇಟ್ಟರು. ಜ್ವರ ಬಂದ ಮಗುವಿನ ಹಣೆ ಮುಟ್ಟಿದ ಹಾಗೆ ಅಲ್ಲೇ ಇಟ್ಟುಕೊಂಡರು.

"ಮುಚ್ಚಳ ಹಾಕಿ ನಾನು ಯಾವತ್ತೂ ಟೆಸ್ಟ್ ಮಾಡಿಲ್ಲ," ಅಂದರು. ನಮಗೆ ಹೇಳಿದ್ದಲ್ಲ ಅದು.

ಅಷ್ಟೇ ಇತ್ತು ವಿಷಯ. ಅಂಗಡಿಯಲ್ಲಿ ಕಿಟಕಿಯ ಗಾಳಿ ನೇರ ಬಿಚ್ಚಿದ ಯಂತ್ರದೊಳಕ್ಕೆ ಬರುತ್ತಿತ್ತು, ಓಡುತ್ತಿದ್ದದ್ದು ಬರೀ ಮೆಮೊರಿಯ ಪರೀಕ್ಷೆ, ಗ್ರಾಫಿಕ್ಸ್ ಕಾರ್ಡ್ ತಣ್ಣಗೆ ಮಲಗಿರುತ್ತಿತ್ತು. ಮನೆಯಲ್ಲಿ ಮುಚ್ಚಳ ಹಾಕಿ, ಸಂದಿಗೆ ತಳ್ಳಿ, ಗೇಮ್ ಆಡಿದರೆ ಆ ಕಾರ್ಡು ಒಲೆಯ ಹಾಗೆ ಕಾಯುತ್ತದೆ, ಅದರ ಬಿಸಿಯೆಲ್ಲ ಮೇಲಿರುವ ಮೆಮೊರಿಗೆ ಬಡಿಯುತ್ತದೆ. ಮಿತಿ ಮೀರಿ ಓಡುತ್ತಿರುವ ಮೆಮೊರಿ ಆ ಬಿಸಿಗೆ ಎಲ್ಲೋ ಒಂದು ಅಕ್ಷರ ತಪ್ಪುತ್ತದೆ, ಅಲ್ಲಿಗೆ ಮುಗಿಯಿತು. ನಾನು ಗಿರಾಕಿಗೆ ಬಟ್ಟೆ ಹಾಕಿಸಿ ನೋಡುವಾಗ ಕೂರಿಸುತ್ತೇನೆ, ಕೈ ಎತ್ತಿಸುತ್ತೇನೆ. ಸೊಂಟಕ್ಕೆ ಸರಿಯಿದೆ ಅಂತ ನಿಲ್ಲಿಸಿ ನೋಡಿ ಕಳಿಸಿದರೆ ಬಸ್ಸಿನಲ್ಲಿ ಕೂತಾಗ ಹರಿಯುತ್ತದೆ. ಇಷ್ಟು ವರ್ಷ ಹಲಗೆಯ ಆಚೆ ಈಚೆ ಕೂತು ಇಬ್ಬರೂ ಪರೀಕ್ಷೆ ಮಾಡಿದ್ದೇ ಮಾಡಿದ್ದು, ಮುಚ್ಚಳ ಬಿತ್ತು ಅಂತ ಜಗಳವಾಡಿದೆವೇ ಹೊರತು ಇದು ನನಗೂ ಹೊಳೆದಿರಲಿಲ್ಲ.

ಕಾರಣ ಸಿಕ್ಕಿತಲ್ಲ, ಭಾವನ ಮೈಯಲ್ಲಿ ಮತ್ತೆ ಕರೆಂಟು ಹರಿಯಿತು. ಅಂಗಿಯ ಜೇಬಿನಿಂದ ಸ್ಕ್ರೂಡ್ರೈವರ್ ಆಗಲೇ ಕೈಗೆ ಬಂದಿತ್ತು. ಮುಚ್ಚಳ ತೆಗೆದರೆ ಆಯ್ತು, ಯಂತ್ರ ಈಚೆ ಎಳೆದು ಪಕ್ಕಕ್ಕೆ ಟೇಬಲ್ ಫ್ಯಾನ್ ಇಟ್ಟರೆ ಆಯ್ತು, ಆರೂ ಆರು ಯಾಕೆ ತಡೆಯಲ್ಲ, ಅದಕ್ಕಿಂತ ಮೇಲೇ ತಡೆಯುತ್ತೆ, ಮ್ಯಾಚಿಗೆ ಇನ್ನೂ ಸಮಯ ಇದೆ, ಹತ್ತು ನಿಮಿಷದ ಕೆಲಸ ಅನ್ನುತ್ತಾ ಮಂಡಿಯೂರಿ ಕೂತೇಬಿಟ್ಟರು. ಒಂದು ತಿರುಪು ಸಡಿಲವಾಗಿತ್ತು.

ಸಾಸಿವೆ ಬಂದು ಅವರಿಗೂ ಯಂತ್ರಕ್ಕೂ ನಡುವೆ ಕೂತಳು. ಮುಚ್ಚಳಕ್ಕೆ ಎರಡೂ ಕೈ ಅಡ್ಡ ಹಿಡಿದಳು. ಕಲ್ಲಿನ ಹಾಗೆ ಕೂರುವ ಹುಡುಗಿ ಹೀಗೆ ಅಡ್ಡ ಬಂದದ್ದನ್ನು ನಾನು ಅವತ್ತೇ ನೋಡಿದ್ದು.

"ಅಪ್ಪ, ಇಷ್ಟು ದಿನದಿಂದ ಇದು ಒಂದ್ಸಲನೂ ಬಿದ್ದಿಲ್ಲ. ನೀನು ಮುಟ್ಟಿಲ್ಲ, ಅದಕ್ಕೆ ಬಿದ್ದಿಲ್ಲ."

ಭಾವ ಸಡಿಲವಾದ ತಿರುಪನ್ನು ಮತ್ತೆ ಬಿಗಿದರು. ನಿಧಾನವಾಗಿ ಬಿಗಿದರು. ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿಕೊಂಡು ಎದ್ದು, ಚಪ್ಪಲಿ ಮೆಟ್ಟಿ ಹೊರಗೆ ಹೋದರು. ಸ್ಟುಡಿಯೋದವನು ಹಿಂದೆ ಓಡಿದ. ನಾನು ಸಾಸಿವೆಯ ತಲೆ ಸವರಿ, ನೀನು ಆಡು, ಅವರನ್ನ ನಾನು ನೋಡ್ಕೋತೀನಿ ಅಂದೆ.

ನೋಡಿಕೊಳ್ಳುವುದೇನು ಬಂತು. ನಾನು ಅಂಗಡಿಗೆ ಬರುವಷ್ಟರಲ್ಲಿ ಭಾವ ಸ್ಟುಡಿಯೋದವನ ಯಂತ್ರದ ವೇಗವನ್ನು ಅಚ್ಚಿನಷ್ಟಕ್ಕೆ ಇಳಿಸಿ, ಮುಚ್ಚಳ ಹಾಕಿ, ಗೇಮನ್ನೂ ಪರೀಕ್ಷೆಯನ್ನೂ ಒಟ್ಟಿಗೆ ಹಚ್ಚಿ, ಎರಡು ಗಂಟೆ ಹೀಗೇ ಕಾಯೋಣ, ತಡೆದರೆ ಮಾತ್ರ ಒಯ್ಯಿ ಅಂದಿದ್ದರು. ಅವನನ್ನು ಕೂರಿಸಿ ಬೇರೆ ಯಂತ್ರಗಳಿಗೆ ಕೈಹಾಕಿದರು. ಹಲಗೆಗೆ ಒರಗಿಸಿದ್ದ ಮುಚ್ಚಳಗಳನ್ನು ಒಂದೊಂದಾಗಿ ಎತ್ತಿ, ಯಾವುದು ಯಾವುದರದ್ದೆಂದು ಹುಡುಕಿ, ಧೂಳು ಒರೆಸಿ ಹಾಕತೊಡಗಿದರು. ತಿರುಪಿನ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಡುನಡುವೆ ಫೋನ್ ಎತ್ತಿ ನೋಡುವುದು, ಕೆಳಗಿಡುವುದು, ಕಿಟಕಿಗೆ ಹೋಗಿ ಬರುವುದು. ಒಮ್ಮೆ ಹಲಗೆಯ ಮೇಲಿಂದ ಮುಖ ತೋರಿಸಿ, ಅಕ್ಕನಿಗೆ ಒಂದು ಫೋನ್ ಮಾಡಿ ಕೇಳಬಾರದೇ ಅಂದರು. ನಿಮ್ಮ ಮಗಳು, ನೀವೇ ಮಾಡಿ ಅಂದೆ. ಮಾಡಲಿಲ್ಲ. ನನಗೂ ಹೊಲಿಗೆ ಓಡಲಿಲ್ಲ, ಹಾಕಿದ ತೋಳನ್ನೇ ಎರಡು ಸಲ ತಿರುಗಾಮುರುಗಾ ಹಾಕಿ ಬಿಚ್ಚಿದೆ. ಟೀಮು ಕೈಬಿಟ್ಟರೆ ಆ ಹುಡುಗಿ ಮುಖವನ್ನು ಹೇಗೆ ನೋಡುವುದು ಅನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

ಹೊತ್ತು ಇಳಿದಾಗ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಸಾಸಿವೆಯೇ ಬಂದಳು. ಭಾವ ಹಲಗೆಯ ಆಚೆಯಿಂದ ಈಚೆ ಬಂದು, ನನ್ನ ಕತ್ತರಿಸಿದ ಬಟ್ಟೆಯ ಮೇಲೆಯೇ ನಿಂತರು.

"ಬಿತ್ತಾ?" ಅಂತ ಕೇಳಿದರು.

"ಇಲ್ಲ," ಅಂದಳು. ಆಮೇಲೆ ಹೇಳಿದಳು. ಪಂದ್ಯ ಸೋತರಂತೆ, ಎದುರಿನವರು ನಿಜವಾಗಲೂ ಚೆನ್ನಾಗಿ ಆಡಿದರಂತೆ. ಆದರೆ ಒಮ್ಮೆಯೂ ಮಾಯವಾಗದೆ ಕೊನೆಯವರೆಗೂ ಉಳಿದು ಆಡಿದಳು ಅಂತ ಕ್ಯಾಪ್ಟನ್ ಮುಂದಿನ ಪಂದ್ಯಗಳಿಗೂ ಇವಳ ಹೆಸರನ್ನೇ ಹಾಕಿದ್ದಾಳೆ. ನಾನು ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತೆ, ಅಷ್ಟು ಹಗುರಾಯಿತು. ಭಾವ ಹೂಂ ಅಂದರು, ಇನ್ನೊಮ್ಮೆ ಹೂಂ ಅಂದರು. ನನ್ನ ಅಳತೆಯ ಟೇಪನ್ನು ಎತ್ತಿ ಬೆರಳಿಗೆ ಸುತ್ತತೊಡಗಿದರು.

"ಬಾಗಿಲ ಹತ್ರ ನಿಂತಾದ್ರೂ ನೋಡ್ತೀಯ ಅಂದ್ಕೊಂಡಿದ್ದೆ," ಅಂದಳು ಸಾಸಿವೆ. "ಯಾಕೆ ಬಂದ್ಬಿಟ್ಟೆ?"

"ಅಲ್ಲೇ ಇದ್ದಿದ್ರೆ ಮುಟ್ತಿದ್ದೆ," ಅಂದರು ಭಾವ.

ಸಾಸಿವೆ ಅವರ ಅಂಗಿಯ ಜೇಬಿಗೆ ಕೈಹಾಕಿ ಸ್ಕ್ರೂಡ್ರೈವರ್ ತೆಗೆದು ನನ್ನ ಮೇಜಿನ ಮೇಲೆ, ಕತ್ತರಿಯ ಪಕ್ಕ ಇಟ್ಟಳು. "ಮುಂದಿನ ಮ್ಯಾಚಿಗೆ ಬಾ ಅಪ್ಪ. ಇದನ್ನ ಚಿಕ್ಕಮ್ಮನ ಹತ್ರ ಬಿಟ್ಟು ಬಾ."

ಮುಂದಿನ ಪಂದ್ಯದ ದಿನ ಭಾವ ಬೆಳಗಿನಿಂದಲೇ ಗಡಿಯಾರ ನೋಡುತ್ತಿದ್ದರು. ಹೊತ್ತಾದ ಕೂಡಲೇ ಸ್ಕ್ರೂಡ್ರೈವರನ್ನು ತಂದು ನನ್ನ ಕತ್ತರಿಯ ಪಕ್ಕ ಇಟ್ಟು, ಬರ್ತೀನಿ ಅಂದು ಹೊರಟರು. ಅರ್ಧ ಮೆಟ್ಟಿಲು ಇಳಿದ ಸದ್ದು ನಿಂತಿತು. ತಿರುಗಿ ಮೇಲೆ ಬಂದರು. ಪ್ಯಾಂಟಿನ ಜೇಬಿನಿಂದ ಇನ್ನೊಂದನ್ನು, ಚಿಕ್ಕದನ್ನು, ತೆಗೆದು ಮೊದಲನೆಯದರ ಪಕ್ಕ ಇಟ್ಟು, ನನ್ನ ಮುಖ ನೋಡದೆ ಇಳಿದು ಹೋದರು.